ಬಲೆ ಕಟ್ಟದ ಜೇಡ

ವಿಜಯನಗರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಗಿರಿಜಾದೇವಿಯವರ ದನಿ ಮೇಲಿನ ಮಹಡಿಯಿಂದ ಗೇಟಿನವರೆಗೂ ಕೇಳುತ್ತಿತ್ತು. ೨೦೦೪ರಲ್ಲಿ ಗಂಟಲಿನಲ್ಲಿದ್ದ ಗಂಟಿಗೆ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಉಳಿದದ್ದು ಬರೀ ಪಿಸುಮಾತು.

ರಜೆ ಮುಗಿಸಿ ಬಂದ ದಿನ ಎಂಟನೇ ತರಗತಿಯ ಗದ್ದಲದಲ್ಲಿ ಅವರು ಹೇಳಿದ್ದು ಮುಂದಿನ ಬೆಂಚಿಗೂ ಮುಟ್ಟಲಿಲ್ಲ. ಹೆಡ್‌ಮಾಸ್ಟರ್ ಚನ್ನಕೇಶವ ಒಳ್ಳೆಯವರೇ. "ಸ್ವಲ್ಪ ದಿನ ಲೈಬ್ರರಿ ನೋಡ್ಕೊಳ್ಳಿ ಮೇಡಂ, ಗಂಟಲಿಗೂ ರೆಸ್ಟ್ ಸಿಗುತ್ತೆ" ಎಂದರು. ಆ ಸ್ವಲ್ಪ ದಿನ ಮಳೆಗಾಲವನ್ನೂ ದಾಟಿತು. ಗಿರಿಜಾದೇವಿ ಸ್ಟಾಫ್ ರೂಮಿಗೆ ಹೋಗುವುದನ್ನೂ ಬಿಟ್ಟರು. ಊಟದ ಡಬ್ಬಿ ಹಿಡಿದು ಮೈದಾನದ ಮೂಲೆಯ ಹೊಂಗೆ ಮರದ ಕೆಳಗೆ ಒಬ್ಬರೇ ಕೂರತೊಡಗಿದರು.

ಅಲ್ಲೇ ಆ ಜೇಡ ಕಂಡದ್ದು. ಮಣ್ಣಿನದೇ ಬಣ್ಣ. ಬಲೆ ಕಟ್ಟದೆ ತರಗೆಲೆಗಳ ನಡುವೆ ಕಾದು ನಿಂತು, ಹುಳ ಹತ್ತಿರ ಬಂದರೆ ಓಡಿ ಹಿಡಿಯುತ್ತಿತ್ತು. ಹಿಂಬದಿಗೆ ಬಿಳಿ ಮೊಟ್ಟೆಚೀಲ ಅಂಟಿಸಿಕೊಂಡೇ ಬೇಟೆ. ಇಷ್ಟು ವರ್ಷ ಪಾಠ ಮಾಡಿದ್ದರೂ ಇಂಥದ್ದನ್ನು ಅವರು ನೋಡಿರಲಿಲ್ಲ. ಲೈಬ್ರರಿಯ ಪುಸ್ತಕಗಳಲ್ಲಿ ಅದರ ಹೆಸರೂ ಸಿಗಲಿಲ್ಲ. ಒಂದು ಮಧ್ಯಾಹ್ನ ನೋಡಿದರೆ ಚೀಲ ಒಡೆದಿತ್ತು. ಸಾಸಿವೆಗಿಂತ ಸಣ್ಣ ಮರಿಗಳೆಲ್ಲ ತಾಯಿಯ ಬೆನ್ನೇರಿ ಕುಳಿತಿದ್ದವು. ಜಾರಿ ಬಿದ್ದ ಮರಿಯೊಂದು ತಾಯಿಯ ಕಾಲು ಹಿಡಿದು ಮತ್ತೆ ಮೇಲೇರಿತು.

ಆಗಲೇ ಎಂಟನೇ ತರಗತಿಯ ಸಿಂಚನಾ ಚೆಂಡು ಹುಡುಕಿಕೊಂಡು ಬಂದಳು. "ಅಯ್ಯೋ, ಜೇಡ!" ಎಂದು ತುಳಿಯಲು ಕಾಲೆತ್ತಿದಳು.

"ಬೇಡ ಕಣೇ" ಎಂದ ಪಿಸುಮಾತು ಅವಳಿಗೆ ಕೇಳಿಸಲಿಲ್ಲ. ಗಿರಿಜಾದೇವಿ ತೋಳು ಹಿಡಿದು ಎಳೆದೇಬಿಟ್ಟರು. ಬೆಚ್ಚಿಬಿದ್ದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಯ ಹತ್ತಿರ, "ಅದರ ಬೆನ್ನು ನೋಡು" ಎಂದರು.

"ಮಿಸ್, ಅಷ್ಟೂ ಅದರ ಮಕ್ಕಳಾ? ಬಿದ್ದೋಗಲ್ವಾ?"

"ಬಿದ್ರೆ ಕಾಲು ಹಿಡ್ಕೊಂಡು ಮತ್ತೆ ಹತ್ಕೊಳ್ತವೆ."

ಮರುದಿನ ಅವಳ ಹಿಂದೆ ಅರ್ಧ ಕ್ಲಾಸೇ ಓಡಿ ಬಂತು. ಜೇಡ ತರಗೆಲೆಯಡಿ ಮಾಯವಾಯಿತು. ಗಿರಿಜಾದೇವಿ ಸಿಂಚನಾಳ ಕಿವಿಯಲ್ಲಿ ಏನೋ ಹೇಳಿದರು. ಅವಳು ಕೂಗಿದಳು: "ನಾವು ಕುಣಿದ್ರೆ ಅದಕ್ಕೆ ನೆಲದಲ್ಲೇ ಗೊತ್ತಾಗುತ್ತಂತೆ! ಅಲ್ಲಾಡದೆ ಕೂತ್ಕೊಳ್ರೋ!"

ಮಕ್ಕಳು ಮಣ್ಣಿನಲ್ಲೇ ಕುಳಿತು ಉಸಿರು ಬಿಗಿಹಿಡಿದರು. ಜೇಡ ಮೆಲ್ಲಗೆ ಹೊರಬಂತು. ಗಿರಿಜಾದೇವಿ ತಮ್ಮ ಪಿಸುಮಾತಿನಲ್ಲೇ ಅದರ ಎಂಟು ಕಣ್ಣುಗಳ ಬಗ್ಗೆ, ಓಟದ ಬಗ್ಗೆ ಹೇಳುತ್ತಾ ಹೋದರು. ಕೊನೆಯ ಸಾಲಿನಿಂದ ಮುತ್ತುರಾಜ, "ಎಂಟು ಕಣ್ಣೂ ಒಟ್ಟಿಗೇ ನೋಡ್ತವಾ ಮಿಸ್?" ಎಂದು ಕೇಳಿದ. ಅವರಿಗೆ ಕಣ್ಣು ತುಂಬಿ ಬಂತು. ಅಷ್ಟು ಹಿಂದೆ ಕುಳಿತವನಿಗೂ ಅವರ ಮಾತು ಕೇಳಿಸಿತ್ತು.

ಕಾರಿಡಾರಿನಲ್ಲಿ ನಿಂತು ನೋಡುತ್ತಿದ್ದ ಚನ್ನಕೇಶವ ಸಂಜೆ ಲೈಬ್ರರಿಗೆ ಬಂದರು. "ಎಂಟನೇ ಬಿ ಮತ್ತೆ ನೀವೇ ತಗೊಳ್ಳಿ ಮೇಡಂ. ಮರದ ಕೆಳಗಾದ್ರೂ ಸರಿ."

ದನಿ ಮರಳಲೇ ಇಲ್ಲ. ಆದರೆ ನಿವೃತ್ತಿಯವರೆಗೂ ಅವರು ಪಾಠ ಮಾಡಿದರು. ಅವರ ಪೀರಿಯಡ್ಡಿನಲ್ಲಿ ತರಗತಿ ಎಷ್ಟು ಸದ್ದಿಲ್ಲದಿರುತ್ತಿತ್ತೆಂದರೆ, ಒಳಗೆ ಮಕ್ಕಳಿದ್ದಾರೋ ಇಲ್ಲವೋ ಎಂದು ಬೇರೆ ಮೇಷ್ಟ್ರುಗಳು ಬಾಗಿಲಲ್ಲಿ ಇಣುಕಿ ನೋಡುತ್ತಿದ್ದರು.