ವಿಭೂತಿ ಮೆತ್ತಿದ ಲೈಸೆನ್ಸು ಮತ್ತು ಮೌಲಾಸಾಬ

ಆಗ ನನಗೆ ಅರವತ್ತೆರಡು. ಆರು ವರ್ಷದ ಹಿಂದಿನ ಮಾತು. ಮೌಲಾಸಾಬ ಚಪ್ಪಲಿ ಬಿಟ್ಟು ನಮ್ಮ ಮನೆಯೊಳಗೆ ಬಂದವನು ದೇವರ ಜಗಲಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡ. ಅಲ್ಲಿ ಲಿಂಗದ ಪಕ್ಕ ನನ್ನ ರೊಟ್ಟಿ ವ್ಯಾಪಾರದ ಲೈಸೆನ್ಸು ಇತ್ತು. ಹೊಟ್ಟೆಗೆ ಅನ್ನ ಹಾಕುವ ಕಾಗದವೆಂದು ಸೋಮವಾರಕ್ಕೊಮ್ಮೆ ಒದ್ದೆ ವಿಭೂತಿ ಬಳಿಯುತ್ತಿದ್ದೆ.

ಮಕ್ತಲ್ ಬಸ್ ನಿಲ್ದಾಣದ ಎದುರು ಅವನದು ಅರ್ಜಿ ತುಂಬುವ ಅಂಗಡಿ. ಮೋಟು ಆಳು, ಕಿವಿ ಮೇಲೆ ಪೆನ್ನು. ನಾನು ದಿನಾ ರೊಟ್ಟಿ ಕೊಡುತ್ತಿದ್ದ ಹಾಸ್ಟೆಲಿನವರು, ಚಾಲ್ತಿ ಲೈಸೆನ್ಸಿನ ನಕಲು ಕೊಡದಿದ್ದರೆ ನಾಳೆಯಿಂದ ನಿನ್ನ ರೊಟ್ಟಿ ಬೇಡ ಅಂದಿದ್ದರು. ನಕಲು ಕೇಳಲು ಅವನ ಹತ್ತಿರ ಹೋದೆ. ಕಾಗದ ತಾ ಅಂದ. ದೇವರ ಮುಂದಿನದು ಹೊರಗೆ ತರುವುದಿಲ್ಲ ಅಂದೆ. ಅವನೇ ಬಂದ.

“ನೀನೇ ಒರಸವ್ವಾ, ನಾ ಮುಟ್ಟಂಗಿಲ್ಲ.”

ಸೆರಗಿನಿಂದ ಒರೆಸಿದೆ. ತಾರೀಖು ಕಂಡಿತು. ಮುದ್ದತು ಮುಗಿಯಲು ನಾಲ್ಕೇ ದಿನ.

“ಶಿವನಿಗೆ ಲೈಸೆನ್ಸು ಬೇಕಾಗಿಲ್ಲವ್ವಾ, ನಿನಗ ಬೇಕಾಗೈತಿ!”

“ಒಮ್ಮೆ ಕೊಟ್ಟ ಮ್ಯಾಲ ಮುಗೀತಂದ್ರ ಹೆಂಗ?”

“ರೊಟ್ಟಿ ಹಳಸಿದ್ರ ಮೂಗಿಗೆ ಗೊತ್ತಾಗ್ತೈತಿ. ಕಾಗದ ಹಳಸಿದ್ರ ಗೊತ್ತಾಗಂಗಿಲ್ಲ.”

ಅವತ್ತೇ ಅರ್ಜಿ ಹಾಕಿದ. ಕಂಪ್ಯೂಟರು ನಾಲ್ಕು ಸಲ ನಿಂತಿತು. ಅವನು ಉಣ್ಣಲಿಕ್ಕೂ ಏಳಲಿಲ್ಲ. ಅರ್ಜಿ ಹಾಕಿದ್ದೇವೆಂದು ಹಾಸ್ಟೆಲಿಗೆ ತಾನೇ ಫೋನು ಮಾಡಿ ಹೇಳಿದ. ರೊಟ್ಟಿ ನಿಲ್ಲಲಿಲ್ಲ. ಹೊಸ ಲೈಸೆನ್ಸು ಬಂದಾಗ ಎರಡು ಪ್ರತಿ ಕೊಟ್ಟ. “ಒಂದು ಪೂಜಿಗೆ, ಒಂದು ಗ್ವಾಡಿಗೆ. ಗ್ವಾಡಿದಕ್ಕ ಕುಂಕುಮ ಹಚ್ಚಿದ್ರ ನಾ ಬರಂಗಿಲ್ಲ ನೋಡು.”

ಬರುತ್ತಿದ್ದ. ಮುದ್ದತು ಮುಗಿಯುವ ಎರಡು ತಿಂಗಳ ಮೊದಲೇ ನನ್ನ ಬಾಗಿಲಿಗೆ ಬರುತ್ತಿದ್ದ, ಮಿರ್ಚಿ ಬಂಡಿಗಳ ಮುಂದೂ ನಿಂತು ತಾರೀಖು ನೆನಪಿಸುತ್ತಿದ್ದ. ತಲೆ ತಿನ್ನಬೇಡ ಅಂತ ಬೈದಿದ್ದೇನೆ. ಚಹಾ ಕುಡಿದು ಹೋಗುತ್ತಿದ್ದ.

ಹೋದ ವರ್ಷ ಅವನ ಕಣ್ಣು ಮಂಜಾಯಿತು. ಗದ್ವಾಲದ ಮಗಳ ಮನೆಗೆ ಹೊರಟ. ಹೋಗುವ ಮುಂಚೆ ನನ್ನನ್ನು ಅಂಗಡಿಯಲ್ಲಿ ಕೂಡಿಸಿ ಕಾಗದದ ಮೇಲೆ ಬೆರಳಿಟ್ಟ. “ಮುಗಿಯೋ ದಿನ ಇಲ್ಲಿ ಇರ್ತೈತಿ.”

“ನನಗ ಇಂಗ್ಲೀಷ್ ಬರಂಗಿಲ್ಲ.”

“ಅಂಕಿ ಬರ್ತಾವಲ್ಲ? ರೊಟ್ಟಿ ಎಣಸಾಕಿ ನೀನು. ಓದು.”

ಮೂರು ಸಲ ಓದಿಸಿದ. ಆಮೇಲೆ ಅವನನ್ನು ನೋಡಲಿಲ್ಲ.

ಮೊನ್ನೆ ಗದ್ವಾಲದಿಂದ ಸುದ್ದಿ ಬಂತು, ತೀರಿಕೊಂಡನಂತೆ. ನಾನು ಅಳಲಿಲ್ಲ. ಅವನಿಂದ ನನ್ನ ಒಲೆ ಒಂದು ದಿನವೂ ಆರಲಿಲ್ಲ, ಅದನ್ನು ಮಾತ್ರ ಎಲ್ಲರಿಗೂ ಹೇಳಿದೆ.

ಮರುದಿನ ಮುಂಜಾನೆ ಬಸ್ ನಿಲ್ದಾಣಕ್ಕೆ ಹೋದೆ. ಮಿರ್ಚಿ ಬಂಡಿಯ ಅನಸೂಯಾ ಎಣ್ಣೆ ಕಾಯಿಸುತ್ತಿದ್ದಳು. “ನಿನ್ನ ಲೈಸೆನ್ಸು ತೆಗಿಯವ್ವಾ, ತಾರೀಖು ನೋಡ್ತೀನಿ” ಅಂದೆ.