ಚಂದ್ರನ ಮೇಲಿನ ಕಬ್ಜಾ

ಹೋದ ವಾರ ಮಾನ್ವಿ ಬಸ್‌ಸ್ಟ್ಯಾಂಡಿನ ಮುಂದೆ ಮದುವೆ ಮೆರವಣಿಗೆ ಹೋಯಿತು. ಜನ ಹೋದ ಮೇಲೂ ಸಿಡಿದ ಪಟಾಕಿಯ ವಾಸನೆ ಅಲ್ಲೇ ನಿಂತಿತ್ತು. ಚಂದ್ರನ ಮಣ್ಣಿಗೂ ಇದೇ ವಾಸನೆ ಎಂದು ಅಕ್ಕ ಮೊದಲ ಫೋನಿನಲ್ಲಿ ಹೇಳಿದ್ದಳು...

ಅಲ್ಲಿ ಎರಡು ದೇಶಗಳ ಜಗಳವಿತ್ತು. ಯಾರ ಜನ ಒಲೆ ಹಚ್ಚಿ ಬಾಳುತ್ತಾರೋ ನೆಲ ಅವರದು. ನಮ್ಮ ಕಡೆ ತಕರಾರಿನ ಹೊಲದಲ್ಲಿ ಗುಡಿಸಲು ಹಾಕಿ ಕೂರುತ್ತಾರಲ್ಲ, ಅದೇ ಕಬ್ಜಾ. ಕೂರಲು ಜನ ಬೇಕಿತ್ತು. ಪುಣೆಗೆ ಗುಳೆ ಕರೆದೊಯ್ಯುತ್ತಿದ್ದ ಮೇಸ್ತ್ರಿಯೇ ನಮ್ಮ ದೇವದುರ್ಗಕ್ಕೆ ಬಂದು ಹೆಸರು ಬರೆದುಕೊಂಡ. "ಪುಣೆಗಿಂತ ಜರಾ ದೂರ, ಅಷ್ಟ ಅಲ್ಲೇನಲೇ," ಎಂದು ಅಕ್ಕ ನಗುತ್ತಲೇ ಹೋದಳು.

ಪ್ರತಿ ಅಮವಾಸ್ಯೆಯ ಮಧ್ಯಾಹ್ನ ರಾಯಚೂರಿನ ಸ್ಟೇಷನ್ ಹತ್ತಿರ, ಅವಳನ್ನು ಕಳಿಸಿದವರ ಆಫೀಸಿಗೆ ಅವಳ ಫೋನು ಬರುತ್ತಿತ್ತು. ಯವ್ವನೂ ನಾನೂ ಹೋಗುತ್ತಿದ್ದೆವು. ದನಿ ಅಕ್ಕನದೇ, ಅವಳು ಬದುಕಿದ್ದಾಳೆ ಎಂಬ ಕಾಗದಕ್ಕೆ ನಾನು ಹೆಬ್ಬೆಟ್ಟು ಒತ್ತಬೇಕು. ಓದಿದ್ದು ನಾಲ್ಕನೇ ತರಗತಿ, ಸಹಿ ಬರುತ್ತದೆ ಎಂದರೂ ಹೆಬ್ಬೆಟ್ಟೇ ಬೇಕೆಂದರು. ಸಂಶಯವಿದ್ದರೆ ಒತ್ತಬೇಡ, ಆಗ ಎರಡೂ ದೇಶದವರು ಹೋಗಿ ನೋಡಲೇಬೇಕು, ಅದು ಕರಾರು ಎಂದು ಮೊದಲ ದಿನವೇ ಓದಿ ಹೇಳಿದ್ದರು.

ಎರಡನೇ ವರ್ಷದ ಮುಂಗಾರಿನ ಮೊದಲಿಗೆ, ಮಣ್ಣೆತ್ತಿನ ಅಮವಾಸ್ಯೆಯ ದಿನ ಅಕ್ಕ ಕೇಳಿದಳು: "ಹತ್ತಿ ಬಿಡಿಸೋದು ಮುಗೀತೇನಲೇ?"

ಹೊಲಕ್ಕೆ ಇನ್ನೂ ಬೀಜವೇ ಬಿದ್ದಿರಲಿಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಹತ್ತಿ ಬಿಡಿಸಿದವಳು ಅವಳು. ಆಮೇಲೆ ಸಣ್ಣಗೆ ಕೆಮ್ಮಿ, "ಯವ್ವ ಉಂಡಾಳೇನು?" ಎಂದಳು. ಆ ಮಾತು, ಆ ಕೆಮ್ಮು, ಎಲ್ಲ ಹಿಂದಿನ ದೀಪಾವಳಿ ಅಮವಾಸ್ಯೆಯಂದು ಕೇಳಿದ್ದೇ, ಹಿಡಿದಿಟ್ಟುಕೊಂಡು ಮತ್ತೆ ಹಾಕಿದಂತೆ.

ಯವ್ವನಿಗೂ ಹೊಲ ಗೊತ್ತಿತ್ತು. ಆದರೆ ಅವಳು ನನ್ನ ಮುಖ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, "ಒತ್ತು ಯಪ್ಪಾ, ಬಸ್ಸಿಗೆ ಹೊತ್ತಾತು," ಎಂದಳು.

ಒತ್ತಿದೆ.

ಯವ್ವನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಲಾರೆ. ಬೆರಳು ನನ್ನದು. ಅಂದು ಕೈ ಹಿಂದೆ ತೆಗೆದಿದ್ದರೆ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಿದ್ದರು. ಆಗ ಒಳಗೆ ಅವಳಿಗೆ ಇನ್ನೂ ಉಸಿರಿತ್ತೋ ಏನೋ...

ಯವ್ವ ತೀರಿ ವರ್ಷವಾಯಿತು. ಈಗ ಒಬ್ಬನೇ ಹೋಗುತ್ತೇನೆ. ಇಷ್ಟು ದಿನ ಒತ್ತಿದವನು ಇವತ್ತು ಇಲ್ಲವೆಂದರೆ, ಅಕ್ಕ ಸತ್ತದ್ದು ಯಾವತ್ತು ಎಂದು ನನ್ನನ್ನೇ ಕೇಳುತ್ತಾರೆ.

ನಿನ್ನೆ ಅಮವಾಸ್ಯೆ. ಅಕ್ಕ ಸಣ್ಣಗೆ ಕೆಮ್ಮಿದಳು. "ಯವ್ವ ಉಂಡಾಳೇನು?"

"ಉಂಡಾಳ ಬೇ ಅಕ್ಕಾ," ಎಂದು ಹೇಳಿ ಬೆರಳಿಗೆ ಮಸಿ ಹಚ್ಚಿಕೊಂಡೆ.