ಹೊಳೆಯಬಾರದ ಗೆರೆ

ಧೂಳು ಕಾಲಿಡಬಾರದ ಕೋಣೆಯಲ್ಲಿ ಕೆಲಸಕ್ಕಿದ್ದವನ ಹೆಸರು ಧೂಳಪ್ಪ. ಈ ಚೇಷ್ಟೆಯನ್ನು ಬೇರೆಯವರು ಮಾಡುವ ಮೊದಲೇ ತಾನೇ ಮಾಡಿ ಮುಗಿಸುತ್ತಿದ್ದ. ಮೋರಟಗಿಯ ಕುರುಬರ ಹುಡುಗ; ಬಿ.ಎಸ್ಸಿ. ಮುಗಿಸಿ, ಝಳಕಿಯ ಹೆದ್ದಾರಿ ಬದಿಯ ಪುಟ್ಟ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಗುತ್ತಿಗೆ ನೌಕರ. ಉಗುರಗಲದ ಹರಳಿನ ಚಿಪ್ ಮೇಲೆ ಕೂದಲಿಗಿಂತ ಸಣ್ಣ ಗೆರೆ ಕೊರೆಯುವುದು ಅವನ ಕೆಲಸ. ಗೆರೆಯ ಒಂದು ತುದಿಯಲ್ಲಿ ಕಣ್ಣಿಗೆ ಕಾಣದ ಲೇಸರ್ ಬೆಳಕು ಹೊಕ್ಕು, ಇನ್ನೊಂದು ತುದಿಯಲ್ಲಿ ಹಸಿರಾಗಿ ಹೊರಬರಬೇಕು. ಗೆರೆಯ ಗೋಡೆ ತುಸು ಒರಟಾದರೂ ಬೆಳಕು ದಾರಿಯಲ್ಲೇ ಸೋರಿಹೋಗುತ್ತದೆ.

ಅವ್ವ ಚಂದವ್ವ ಕಂಬಳಿ ನೂಲಿನ ಗಂಟನ್ನು ಬೆರಳಿನಿಂದ ಹುಡುಕುವಂತೆ ಅವನು ಸೂಕ್ಷ್ಮದರ್ಶಕದಲ್ಲಿ ಆ ಒರಟು ಹುಡುಕಿದ. ಕೊರೆಯುವ ಅನಿಲದ ಪ್ರಮಾಣ ಬದಲಿಸುತ್ತ, ಹನ್ನೊಂದು ತಿಂಗಳಿಗೆ ನುಣುಪಾದ ಗೆರೆಯೊಂದನ್ನು ತೆಗೆದ.

ಮಾಲೀಕ ಗುರುಲಿಂಗಪ್ಪನವರು ಮೊದಲು ಮುದ್ದೇಬಿಹಾಳದಲ್ಲಿ ಗ್ರಾನೈಟ್ ಪಾಲಿಶ್ ಮಾಡಿಸುತ್ತಿದ್ದವರು. ಒಬ್ಬನನ್ನು ಕಾಯಂ ಮಾಡುವುದಾಗಿ ಹೇಳಿದ್ದರು: ಧೂಳಪ್ಪ, ಇಲ್ಲವೇ ತಮ್ಮ ತಂಗಿಯ ಮಗ ಚೇತನಕುಮಾರ. ಯಾರ ಚಿಪ್ ಚೆನ್ನಾಗಿದೆಯೋ ಅವನಿಗೆ. ಕಾಯಂ ಆದರೆ ಮಾತ್ರ ಧೂಳಪ್ಪನಿಗೆ ಹುಡುಗಿ ಕೊಡುತ್ತೇವೆಂದು ಗೊಳಸಂಗಿಯ ರಾಜಶ್ರೀಯ ಮನೆಯವರೂ ಹೇಳಿದ್ದರು.

ಪರೀಕ್ಷೆಯ ದಿನ ದೀಪ ಆರಿಸಿ ಧೂಳಪ್ಪ ತನ್ನ ಚಿಪ್ ಇಟ್ಟ. ಕೋಣೆ ಕತ್ತಲಾಗಿಯೇ ಉಳಿಯಿತು. ಹಸಿರೆಲ್ಲ ಸೋರದೆ ನೇರವಾಗಿ ತುದಿಯಲ್ಲಿದ್ದ, ಬೆಳಕು ಅಳೆಯುವ ಮೀಟರಿನೊಳಗೆ ಹೋಗುತ್ತಿತ್ತು.

“ಏನೂ ಕಾಣವಲ್ದಲೋ. ಲೇಸರ್ ಹಚ್ಚೀಯೋ ಇಲ್ಲೋ?” ಎಂದರು ಗುರುಲಿಂಗಪ್ಪ.

“ಹಚ್ಚೇನ್ರಿ ಸಾಹೇಬ್ರ. ಗೆರಿ ಕಾಣಬಾರದ್ರಿ. ಮೀಟರ್ ನೋಡ್ರಿ.”

“ಮೀಟರ್ ನೋಡಾಕ ನಾ ಲೈನ್‌ಮನ್ ಏನಲೇ?”

ತುದಿಗೊಂದು ಬಿಳಿ ಕಾಗದ ಹಿಡಿದಿದ್ದರೆ ಹಸಿರು ಚುಕ್ಕೆ ಬೀಳುತ್ತಿತ್ತು, ಮಾತು ಮುಗಿಯುತ್ತಿತ್ತು. ಆದರೆ ಅಂಕಿಯೇ ಮಾತಾಡಲಿ ಎಂಬ ಬಿ.ಎಸ್ಸಿ. ಸೊಕ್ಕು. ಪಂಡಿತ ಧೂಳಪ್ಪ ಕೈಕಟ್ಟಿ ನಿಂತ.

ಚೇತನಕುಮಾರ ಇಟ್ಟದ್ದು, ಆರು ತಿಂಗಳ ಹಿಂದೆ ಧೂಳಪ್ಪನೇ ಒರಟೆಂದು ಎಸೆದಿದ್ದ ಚಿಪ್. ಅದರ ಡಬ್ಬಿಯ ಮೇಲೆ ಧೂಳಪ್ಪನದೇ ಅಕ್ಷರವಿತ್ತು. ಬೆಳಕು ಉದ್ದಕ್ಕೂ ಸೋರಿ ಗೆರೆಯೆಲ್ಲ ಹಸಿರಾಗಿ ಉರಿಯಿತು. ಮೀಟರಿಗೆ ಕಾಲುಭಾಗವೂ ಮುಟ್ಟಲಿಲ್ಲ.

“ಭಲೇ ತಮ್ಮಾ! ಪಾಲಿಶ್ ಅಂದ್ರ ಇದು ನೋಡು!” ಗುರುಲಿಂಗಪ್ಪ ಚಪ್ಪಾಳೆ ತಟ್ಟಿದರು.

“ಸಾಹೇಬ್ರ, ಅದು ಸೋರಾಕತ್ತೈತ್ರಿ. ನಾನ ಒಗದಿದ್ದ ಚಿಪ್ ಅದು.”

“ನೀ ಒಗದಿದ್ದನ್ನ ಅಂವ ಹೊಳಿಸ್ಯಾನ. ಹೊಟ್ಟಿ ಉರ್ಕೋಬ್ಯಾಡ.”

ಗೊಳಸಂಗಿಗೆ ಫೋನ್ ಮಾಡಬೇಡವೆಂದು ಧೂಳಪ್ಪ ಅವ್ವನಿಗೆ ಹೇಳಿದ.

ಸೋಮವಾರ ಚೇತನಕುಮಾರ ಕೊರಳಿಗೆ ಹೊಸ ಗುರುತಿನ ಚೀಟಿ ಹಾಕಿಕೊಂಡು ಬಂದ. “ಧೂಳ್ಯಾ, ಮಾಮಾಗ ಅಂಥಾವ ಇನ್ನ ಹತ್ತು ಬೇಕಂತ. ನನಗ ಮಾಡಾಕ ಬರೂದಿಲ್ಲ, ನಿನಗ ಗೊತ್ತೈತಲ್ಲ.”

“ಹೌದ್ರಿ ಸಾಹೇಬ್ರ,” ಎಂದ ಧೂಳಪ್ಪ. ನಿನ್ನೆಯವರೆಗೆ ಅವನನ್ನು ‘ಲೇ ಚೇತ್ಯಾ’ ಎನ್ನುತ್ತಿದ್ದ.

ಹಳೆಯ ತಪ್ಪುಗಳನ್ನು ಬರೆದಿಟ್ಟ ವಹಿ ತೆಗೆದು, ಅನಿಲದ ಪ್ರಮಾಣವನ್ನು ಮತ್ತೆ ಕೆಡಿಸಲು ಕುಳಿತ. ಹನ್ನೊಂದು ತಿಂಗಳು ಕಲಿತದ್ದನ್ನು ಅಳಿಸಲು ಒಂದು ಮಧ್ಯಾಹ್ನ ಸಾಕಾಯಿತು. ಒರಟು ಚೆನ್ನಾಗಿಯೇ ಬಂತು.